ಮುಪ್ಪಿನಲ್ಲಿ ಓಟದ ಸಂಕಲ್ಪ

ಅರವತ್ತು ವರ್ಷ ದಾಟಿದ ಗೃಹಸ್ಥರೊಬ್ಬರು ಬೀದಿಯಲ್ಲಿ ಓಡುತ್ತಿರುವುದನ್ನು ಕಂಡರೆ ನಮ್ಮ ಜನರ ಬುದ್ಧಿಗೆ ಎರಡೇ ಕಾರಣಗಳು ಹೊಳೆಯುವುವು. ಒಂದು, ರೈಲು ಹೊರಡುವುದರಲ್ಲಿರಬೇಕು. ಇಲ್ಲವೆ, ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬರುತ್ತಿರಬೇಕು. ಈ ಎರಡೂ ಇಲ್ಲದೆ ಮುಂಜಾನೆಯ ಮಬ್ಬಿನಲ್ಲಿ ಸುಮ್ಮನೆ ಓಡುವವರನ್ನು ನೋಡಿ ಬೀದಿಯವರು ನಗುವರು, ಮನೆಯವರು ಗಾಬರಿಗೊಳ್ಳುವರು. “ಈ ವಯಸ್ಸಿನಲ್ಲಿ ನಿಮಗಿದೇನು ಹುಚ್ಚು? ಮೊಮ್ಮಕ್ಕಳು ನೋಡಿದರೆ ಏನೆಂದಾವು?” ಎಂಬ ಮಾತು ಅಡಿಗೆಮನೆಯಿಂದ ಕೇಳಿಬರುವುದು ಸಹಜವೇ ಆಗಿದೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಮನೆಯ ಹಿರಿಯರ ಮೇಲೆ ಇಡಿಯ ಸಂಸಾರದ ಕಣ್ಣಿರುವುದು. ಅವರ ದೇಹವು ಅವರೊಬ್ಬರದೇ ಅಲ್ಲ. ಆದುದರಿಂದ ಇದಕ್ಕೆ ನಗೆಯಿಂದಲ್ಲ, ವಿಚಾರದಿಂದ ಉತ್ತರ ಕೊಡಬೇಕಾಗಿದೆ.

ಕಾಲವು ಬದಲಾಗಿರುವುದಂತೂ ನಿಜ. ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಸೂರ್ಯೋದಯಕ್ಕೆ ಮುಂಚೆ ಹೋಗಿ ನಿಂತರೆ, ನಡೆಯುವವರ ಸಾಲೊಂದು ಕಾಣುವುದು. ಆ ಸಾಲಿನಲ್ಲಿ ತಲೆ ನೆರೆತವರು ಬಹುಮಂದಿ. ಹರಿಹರದ ಕಡೆಯ ಹಳ್ಳಿಗಳಲ್ಲಿ, ಸಾರಥಿಯಂಥ ಊರುಗಳಲ್ಲಿ, ಹೊಲಕ್ಕೆ ನಡೆದು ಬರುವುದೇ ಬೇಕಾದಷ್ಟು ವ್ಯಾಯಾಮವಾಗಿದ್ದ ಕಾಲವೊಂದಿತ್ತು. ಈಗ ಅಲ್ಲಿಯೂ ಮೋಟಾರು ಸೈಕಲ್ಲು ಕಾಲಿನ ಕೆಲಸವನ್ನು ಕಸಿದುಕೊಂಡಿದೆ. ವೈದ್ಯರು ನಡೆಯಿರೆಂದು ಹೇಳಿದರು, ಜನ ನಡೆದರು. ನಡೆದವರಲ್ಲಿ ಕೆಲವರಿಗೆ ನಡಿಗೆ ಸಾಲದೆನಿಸಿತು, ಅವರು ಓಡಿದರು. ಓಡಿದವರಲ್ಲಿ ಕೆಲವರು, ಈ ವರ್ಷ ಮುಗಿಯುವುದರೊಳಗೆ ಬೆಂಗಳೂರಿಗೆ ಹೋಗಿ ಹತ್ತು ಕಿಲೋಮೀಟರಿನ ಪಂದ್ಯದಲ್ಲಿ ಓಡಿಯೇ ತೀರುವೆವೆಂದು ಸಂಕಲ್ಪ ಮಾಡಿಕೊಂಡರು. ಸಂಕಲ್ಪದ ಹಿಂದೆಯೇ ವಿಘ್ನವೂ ಬರುವುದೆಂಬುದು ಗಣಪತಿಯನ್ನು ಮೊದಲು ಪೂಜಿಸುವ ನಮ್ಮ ಜನಕ್ಕೆ ಹೊಸ ಮಾತಲ್ಲ. ಮೊಳಕಾಲು ಬಾತುಕೊಳ್ಳುವುದು, ಹಿಮ್ಮಡಿ ಹಿಡಿದುಕೊಳ್ಳುವುದು, ಜ್ವರ ಬರುವುದು, ಮನೆಯಲ್ಲಿ ಮದುವೆ ನಿಲ್ಲುವುದು. ಹೀಗೆ ಗುರಿ ಮತ್ತು ಅಡ್ಡಿಗಳ ನಡುವೆ ಮುದುಕರೊಬ್ಬರ ಒಂದು ವರ್ಷ ಹೇಗೆ ಕಳೆಯುವುದು? ಅದರಿಂದ ಲಾಭವೇನು, ಹಾನಿಯೇನು? ಇದಕ್ಕೆ ಲೋಕಪ್ರಸಿದ್ಧರಾದ ಇಬ್ಬರು ವೃದ್ಧರ ಜೀವನದಿಂದ ನಿದರ್ಶನ ತೆಗೆದುಕೊಂಡು ವಾಚಕರ ಮುಂದಿಡುವೆವು.

ಮೊದಲು ದೂರದ ಲೆಕ್ಕವನ್ನು ತಿಳಿಯೋಣ. ಮ್ಯಾರಥಾನ್ ಎಂಬ ದೀರ್ಘ ಓಟದ ದೂರ ೪೨ ಕಿಲೋಮೀಟರ್ ೧೯೫ ಮೀಟರು. ೧೯೦೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಓಡಿದ ಈ ದೂರವನ್ನೇ ೧೯೨೧ರಲ್ಲಿ ಸ್ಥಿರಪಡಿಸಿದರು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ಹದಿನಾಲ್ಕು ಕಿಲೋಮೀಟರು. ಹಾಗಾದರೆ ದಾವಣಗೆರೆಯಲ್ಲಿ ಹೊರಟು, ಹರಿಹರೇಶ್ವರನ ಊರನ್ನು ಮುಟ್ಟಿ, ಹಿಂದಿರುಗಿ ದಾವಣಗೆರೆಗೆ ಬಂದು, ಕುಳಿತುಕೊಳ್ಳದೆ ಮತ್ತೊಮ್ಮೆ ಹರಿಹರಕ್ಕೆ ಓಡಿದರೆ ಒಂದು ಮ್ಯಾರಥಾನ್ ಆಗುವುದು. ಇದನ್ನು ಮೂರು ಗಂಟೆಗಳೊಳಗೆ ಓಡಬೇಕಾದರೆ ಒಂದೊಂದು ಸಲವೂ ಒಂದು ಗಂಟೆಗಿಂತ ಹೆಚ್ಚು ಹಿಡಿಯಕೂಡದು. ಇಪ್ಪತ್ತೈದರ ಪ್ರಾಯದ ದೃಢಕಾಯರಿಗೂ ಇದು ಸುಲಭದ ಮಾತಲ್ಲ.

ಎಪ್ಪತ್ತು ದಾಟಿದ ಮೇಲೆ ಇದನ್ನು ಮೊಟ್ಟಮೊದಲು ಸಾಧಿಸಿದ ಮನುಷ್ಯ ಎಡ್ ವಿಟ್ಲಾಕ್. ಇವರು ೧೯೩೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. ಗಣಿ ಇಂಜಿನಿಯರಾಗಿ ಕೆನಡಾ ದೇಶಕ್ಕೆ ಹೋಗಿ ನೆಲಸಿದರು. ಎಳೆಯ ಪ್ರಾಯದಲ್ಲಿ ಚೆನ್ನಾಗಿ ಓಡುತ್ತಿದ್ದವರು ಉದ್ಯೋಗ, ಸಂಸಾರಗಳ ನಡುವೆ ಓಟವನ್ನು ಬಿಟ್ಟುಬಿಟ್ಟಿದ್ದರು. ನಲವತ್ತರ ಆಚೆಗೆ ಮರಳಿ ಹಿಡಿದರು. ಇವರ ಅಭ್ಯಾಸದ ಸ್ಥಳ ಯಾವುದೆಂದರೆ, ಮಿಲ್ಟನ್ ಎಂಬ ತಮ್ಮ ಊರಿನ ಸ್ಮಶಾನ! ಅಲ್ಲಿ ವಾಹನಗಳ ಕಾಟವಿಲ್ಲ, ಮನೆಯೂ ಹತ್ತಿರ. ಗೋರಿಗಳ ನಡುವಣ ಸಣ್ಣ ದಾರಿಯನ್ನೇ ಸುತ್ತು ಹಾಕುತ್ತ ದಿನಕ್ಕೆ ಎರಡು ಮೂರು ಗಂಟೆಗಳ ಕಾಲ ನಿಧಾನವಾಗಿ ಓಡುತ್ತಿದ್ದರು. ಗುರುವಿಲ್ಲ, ವಿಶೇಷ ಪಥ್ಯವಿಲ್ಲ, ಹೊಸ ಪಾದರಕ್ಷೆಗಳ ಆಡಂಬರವಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ಈ ದಿನನಿತ್ಯದ ಓಟದಲ್ಲಿ ತಮಗೆ ಆನಂದವೇನೂ ಆಗುವುದಿಲ್ಲವೆಂದು ಅವರು ಮರೆಮಾಚದೆ ಹೇಳುತ್ತಿದ್ದರು. ಪಂದ್ಯದ ದಿನ ಚೆನ್ನಾಗಿ ಓಡಬೇಕಾದರೆ ಇದನ್ನು ಮಾಡಬೇಕು, ಆದುದರಿಂದ ಮಾಡುವುದು. ಅಷ್ಟೆ.

ಎಪ್ಪತ್ತು ತುಂಬಿದ ವರ್ಷ, ಎಂದರೆ ೨೦೦೧ರಲ್ಲಿ, ವಿಟ್ಲಾಕರು ಮೂರು ಗಂಟೆಗಳ ಗಡಿಯನ್ನು ದಾಟಲು ಹೊರಟರು. ಒಂದು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ಗುರಿ ತಪ್ಪಿಹೋಯಿತು. ಮೂರು ಗಂಟೆ ಓಡಿದವರಿಗೆ ಆ ಕೆಲವು ಸೆಕೆಂಡುಗಳು ಎಷ್ಟು ಕಹಿಯಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಸರಿ, ಮುಂದಿನ ವರ್ಷ ನೋಡೋಣವೆನ್ನುವಷ್ಟರಲ್ಲಿ ಮೊಳಕಾಲು ಕೈಕೊಟ್ಟಿತು. ಎಪ್ಪತ್ತೊಂದು ವಯಸ್ಸಿನವರು ಮೊಳಕಾಲು ನೋವಿನಿಂದ ಓಟ ನಿಲ್ಲಿಸಿದರೆ, ಮತ್ತೆ ಆರಂಭಿಸುವರೆಂದು ಯಾರು ನಂಬಿಯಾರು? ಆದರೆ ಅವರು ನೋವು ಇಳಿಯುವವರೆಗೆ ಕಾದರು. ಇಳಿದ ಮೇಲೆ ಮೊದಲಿನಿಂದ ಸುತ್ತು ಹಾಕತೊಡಗಿದರು. ೨೦೦೩ನೆಯ ಇಸವಿ ಸೆಪ್ಟೆಂಬರ್ ೨೮ರಂದು ಟೊರಾಂಟೋ ನಗರದಲ್ಲಿ ನಡೆದ ಮ್ಯಾರಥಾನಿನಲ್ಲಿ, ೭೨ರ ವಯಸ್ಸಿನಲ್ಲಿ, ೨ ಗಂಟೆ ೫೯ ನಿಮಿಷ ೧೦ ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಮರುವರ್ಷ ೭೩ರಲ್ಲಿ ಇನ್ನೂ ವೇಗವಾಗಿ, ೨ ಗಂಟೆ ೫೪ ನಿಮಿಷ ೪೮ ಸೆಕೆಂಡುಗಳಲ್ಲಿ ಓಡಿದರು. ಕೈತಪ್ಪಿದ ಗುರಿ ಎರಡು ವರ್ಷಗಳ ಮೇಲೆ ಕೈಗೆ ಬಂದುದು ಮಾತ್ರವಲ್ಲ, ಅದನ್ನು ಮೀರಿಯೂ ಹೋಯಿತು.

ಅದೇ ದಿನ, ಅದೇ ಟೊರಾಂಟೋ ನಗರದ ಅದೇ ಪಂದ್ಯದಲ್ಲಿ, ವಿಟ್ಲಾಕರು ಮುಗಿಸಿ ಎರಡೂವರೆ ಗಂಟೆಗೂ ಮಿಕ್ಕಿ ಕಾಲ ಕಳೆದ ಮೇಲೆ, ಬಿಳಿಯ ಗಡ್ಡದ, ಪೇಟ ಸುತ್ತಿದ ಇನ್ನೊಬ್ಬ ವೃದ್ಧರು ಅಂತ್ಯರೇಖೆಯನ್ನು ದಾಟಿದರು. ಅವರು ನಮ್ಮ ದೇಶದವರು. ಪಂಜಾಬಿನ ಜಲಂಧರ ಸೀಮೆಯ ಬಿಯಾಸ್ ಪಿಂಡ್ ಎಂಬ ಹಳ್ಳಿಯ ರೈತರು. ಹೆಸರು ಫೌಜಾ ಸಿಂಗ್. ಬಾಲ್ಯದಲ್ಲಿ ಕಾಲುಗಳು ಕಡ್ಡಿಯಂತಿದ್ದು, ಐದು ವರ್ಷದವರೆಗೆ ನಡೆಯಲೇ ಆಗಲಿಲ್ಲವಂತೆ. ಹೊಲ ಉಳುತ್ತ, ಮಕ್ಕಳನ್ನು ಸಾಕುತ್ತ ಎಂಬತ್ತು ವರ್ಷ ಕಳೆದವು. ೧೯೯೨ರಲ್ಲಿ ಹೆಂಡತಿ ತೀರಿಕೊಂಡರು. ೧೯೯೪ರಲ್ಲಿ ಮಗ ಕುಲದೀಪನು ಅಪಘಾತದಲ್ಲಿ ಮೃತನಾದನು. ತಂದೆಯ ಪಾಲಿಗೆ ಪುತ್ರಶೋಕಕ್ಕಿಂತ ದೊಡ್ಡದು ಯಾವುದು? ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಮಗನ ಮನೆಗೆ ಹೋದ ಮುದುಕರಿಗೆ ಆ ನಾಡಿನ ಭಾಷೆ ಬಾರದು, ಮಾಡಲು ಕೆಲಸವಿಲ್ಲ. ನಾಲ್ಕು ಗೋಡೆಗಳ ನಡುವೆ ದುಃಖವೊಂದೇ ಸಂಗಾತಿ. ಆಗ ಅವರು ಹಿಡಿದದ್ದು ಓಟವನ್ನು. ಅಭ್ಯಾಸಕ್ಕೆ ಮೊದಲ ದಿನ ಕೋಟು ಪಾಟಲೂನುಗಳ ಪೂರ್ಣ ಉಡುಪಿನಲ್ಲಿ ಬಂದಿದ್ದರೆಂದು ಅವರ ಶಿಕ್ಷಕರಾದ ಹರಮಂದರ್ ಸಿಂಗರು ಹೇಳಿರುವರು. ೨೦೦೦ದ ಏಪ್ರಿಲಿನಲ್ಲಿ, ೮೯ರ ವಯಸ್ಸಿನಲ್ಲಿ, ಲಂಡನ್ನಿನ ಮ್ಯಾರಥಾನನ್ನು ೬ ಗಂಟೆ ೫೪ ನಿಮಿಷಗಳಲ್ಲಿ ಮುಗಿಸಿದರು.

ಇವರ ೨೦೦೩ನೆಯ ಇಸವಿಯು ವಿಶೇಷವಾಗಿ ಗಮನಿಸತಕ್ಕದ್ದಾಗಿದೆ. ಏಪ್ರಿಲಿನಲ್ಲಿ ಲಂಡನ್ನಿನಲ್ಲಿ ೬ ಗಂಟೆ ೨ ನಿಮಿಷ. ಸೆಪ್ಟೆಂಬರಿನಲ್ಲಿ ಟೊರಾಂಟೋದಲ್ಲಿ ೫ ಗಂಟೆ ೪೦ ನಿಮಿಷ. ತೊಂಬತ್ತೆರಡರ ವಯಸ್ಸಿಗೆ ಇದು ಬೆರಗುಗೊಳಿಸುವ ಸಾಧನೆ. ಈ ವೇಗದಲ್ಲಿ ಹೊರಟರೆ ದಾವಣಗೆರೆಯಿಂದ ಹರಿಹರವನ್ನು ಎರಡು ಗಂಟೆಗಳೊಳಗೆ ಸೇರಬಹುದು. ಕೇವಲ ಐದು ವಾರಗಳು ಕಳೆದ ಮೇಲೆ, ನವೆಂಬರಿನಲ್ಲಿ, ನ್ಯೂಯಾರ್ಕ್ ನಗರದ ಮ್ಯಾರಥಾನಿನಲ್ಲಿ ಇವರು ಓಡಿದರು. ಹಿಡಿದ ಕಾಲ ೭ ಗಂಟೆ ೩೫ ನಿಮಿಷ! ಹಿಂದಿನ ಓಟಕ್ಕಿಂತ ಹೆಚ್ಚುಕಡಿಮೆ ಎರಡು ಗಂಟೆಗಳಷ್ಟು ಹೆಚ್ಚು. ಅದೇ ಮನುಷ್ಯರು, ಅದೇ ವರ್ಷ, ಅದೇ ಕಾಲುಗಳು. ಲೆಕ್ಕವನ್ನು ಮಾತ್ರ ನೋಡುವವರು, ಇನ್ನು ಇವರ ಕಥೆ ಮುಗಿಯಿತೆಂದು ಹೇಳಬಹುದಾಗಿತ್ತು. ಆದರೆ ಆರು ತಿಂಗಳೊಳಗೆ, ೨೦೦೪ರ ಏಪ್ರಿಲಿನಲ್ಲಿ, ಲಂಡನ್ನಿನಲ್ಲಿ ೬ ಗಂಟೆ ೭ ನಿಮಿಷಗಳಲ್ಲಿ ಮತ್ತೆ ಓಡಿ ತೋರಿಸಿದರು. ಮುಪ್ಪಿನ ದೇಹವು ಒಂದು ದಿನ ಕೊಟ್ಟುದನ್ನು ಇನ್ನೊಂದು ದಿನ ಕೊಡದು. ಕೊಡಲಿಲ್ಲವೆಂದ ಮಾತ್ರಕ್ಕೆ ಎಂದಿಗೂ ಕೊಡದೆಂದೂ ಅಲ್ಲ. ಐದು ವಾರಗಳ ಬಿಡುವು ಯುವಕರಿಗೇ ಸಾಲದೆನ್ನುವಾಗ ವೃದ್ಧರಿಗೆ ಹೇಗೆ ಸಾಕಾದೀತು ಎಂಬುದು ಇಲ್ಲಿ ನಾವು ಕಲಿಯತಕ್ಕ ಪಾಠ.

ಫೌಜಾ ಸಿಂಗರು ನೂರು ತುಂಬಿದ ವರ್ಷ, ೨೦೧೧ರ ಅಕ್ಟೋಬರಿನಲ್ಲಿ, ಟೊರಾಂಟೋದಲ್ಲಿಯೇ ಇನ್ನೊಂದು ಮ್ಯಾರಥಾನನ್ನು ೮ ಗಂಟೆ ೧೧ ನಿಮಿಷಗಳಲ್ಲಿ ಪೂರೈಸಿದರು. ಆದರೂ ಗಿನ್ನೆಸ್ ದಾಖಲೆ ಪುಸ್ತಕದವರು ಅದನ್ನು ಅಂಗೀಕರಿಸಲಿಲ್ಲ. ಕಾರಣವೇನೆಂದರೆ, ಅವರ ಬಳಿ ಜನನಪತ್ರವಿರಲಿಲ್ಲ. ರಹದಾರಿ ಪತ್ರದಲ್ಲಿ ೧೯೧೧ರ ಏಪ್ರಿಲ್ ೧ ಎಂದಿತ್ತು. ಹುಟ್ಟಿದ ಕಾಲದ ದಾಖಲೆ ಮಾತ್ರ ಇಲ್ಲ. ನಮ್ಮ ಸೀಮೆಯ ಹಿರಿಯರಿಗೆ ಈ ತೊಡಕು ಚೆನ್ನಾಗಿ ಅರ್ಥವಾಗುವುದು. ಶಾಲೆಗೆ ಸೇರಿಸುವ ದಿನ ಮೇಷ್ಟರು ಬರೆದುಕೊಂಡ ಜೂನ್ ೧ನೆಯ ತಾರೀಖೇ ಎಷ್ಟೋ ಮಂದಿಯ ಜನ್ಮದಿನವಾಗಿಬಿಟ್ಟಿದೆಯಷ್ಟೆ! ದಾಖಲೆ ಸಿಗಲಿಲ್ಲವೆಂದು ಅವರು ಓಟವನ್ನು ಬಿಡಲಿಲ್ಲ. ೨೦೧೩ರ ಫೆಬ್ರವರಿಯಲ್ಲಿ ಹಾಂಗ್ ಕಾಂಗ್ ನಗರದಲ್ಲಿ ಹತ್ತು ಕಿಲೋಮೀಟರು ಓಡಿ, ಪಂದ್ಯಗಳಿಂದ ನಿವೃತ್ತರಾದರು.

ಇವು ದೂರದೇಶದ ಸಂಗತಿಗಳು, ನಮಗೇಕೆ ಎಂದು ಕೆಲವರು ಕೇಳಬಹುದು. ದೀರ್ಘ ಓಟವು ಕನ್ನಡನಾಡಿಗೆ ಹೊಸದಲ್ಲ. ೧೯೨೦ರಲ್ಲಿ ಭಾರತವು ಮೊದಲ ಬಾರಿಗೆ ತಂಡವನ್ನು ಕಟ್ಟಿ ಒಲಿಂಪಿಕ್ ಕ್ರೀಡೆಗಳಿಗೆ ಕಳುಹಿಸಿದಾಗ, ಆಂಟ್ವೆರ್ಪ್ ನಗರದಲ್ಲಿ ಮ್ಯಾರಥಾನ್ ಓಡಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಅಂದಿನ ದೂರವು ಇಂದಿನದಕ್ಕಿಂತ ತುಸು ಹೆಚ್ಚು, ೪೨ ಮುಕ್ಕಾಲು ಕಿಲೋಮೀಟರು. ಅದನ್ನು ಅವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಪುಣೆಯ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ತರುಣರ ವೇಗವನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾರವರೇ ಆ ತಂಡವನ್ನು ಕಳುಹಿಸಲು ಮುಂದಾದುದು. ಚೌಗುಲೆಯವರು ಆಗ ತರುಣರು; ವಿಟ್ಲಾಕರು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಓಡಿದ ವೇಗ ಅದಕ್ಕೆ ತೀರ ಹಿಂದುಳಿದುದಲ್ಲವೆಂಬುದನ್ನು ನೆನೆದರೆ ಮನುಷ್ಯದೇಹದ ಸಾಮರ್ಥ್ಯವು ನಾವು ಎಣಿಸಿದುದಕ್ಕಿಂತ ದೊಡ್ಡದೆಂದು ಹೊಳೆಯುವುದು.

ಇದು ಗಂಡಸರ ಗೀಳೆಂದು ನಮ್ಮ ಸೋದರಿಯರು ತಿಳಿಯಬೇಕಾದುದಿಲ್ಲ. ಪಂಜಾಬಿನ ಮಾನ್ ಕೌರ್ ಎಂಬ ವೃದ್ಧೆಯು ೯೩ರ ವಯಸ್ಸಿನಲ್ಲಿ ಓಟವನ್ನು ಆರಂಭಿಸಿದರು. ೨೦೧೭ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹಿರಿಯರಿಗಾಗಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ, ೧೦೧ರ ವಯಸ್ಸಿನಲ್ಲಿ, ನೂರು ಮೀಟರನ್ನು ೭೪ ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದರು. ಅವರನ್ನು ಅಭ್ಯಾಸಕ್ಕೆ ಹಚ್ಚಿದವರು ಸ್ವಂತ ಮಗ, ಆತನೂ ಮುದುಕನೇ! ಅವರು ೨೦೨೧ರಲ್ಲಿ ತೀರಿಕೊಂಡರು. ಮೂವತ್ತೈದು ವರ್ಷಕ್ಕೆ ಮೇಲ್ಪಟ್ಟವರನ್ನು ಐದೈದು ವರ್ಷಗಳ ವರ್ಗಗಳಾಗಿ ವಿಂಗಡಿಸಿ ಪಂದ್ಯ ನಡೆಸುವ ಪದ್ಧತಿಯು ಜಗತ್ತಿನಲ್ಲೆಲ್ಲ ಈಗ ರೂಢವಾಗಿದೆ. ಆದುದರಿಂದ ಅರವತ್ತೈದರವರು ಇಪ್ಪತ್ತೈದರವರೊಡನೆ ಸೆಣಸಬೇಕಾದುದಿಲ್ಲ. ಮತ್ತೊಂದು ವಿನೋದವೆಂದರೆ, ಅರವತ್ತೊಂಬತ್ತಕ್ಕೆ ತನ್ನ ಗುಂಪಿನ ಮುದುಕರಾಗಿದ್ದವರು ಎಪ್ಪತ್ತು ತುಂಬಿದೊಡನೆ ಮುಂದಿನ ಗುಂಪಿನ ಹುಡುಗರಾಗುವರು. ವಯಸ್ಸು ಏರಿತೆಂದು ಜನ ಸಂತೋಷಪಡುವ ಸ್ಥಳ ಪ್ರಪಂಚದಲ್ಲಿ ಬೇರೆ ಯಾವುದಿದೆಯೋ ನಾವು ಕಾಣೆವು.

ಇನ್ನು ಶರೀರಶಾಸ್ತ್ರದ ಮಾತು. ಉಸಿರಿನ ಪ್ರಾಣವಾಯುವನ್ನು ರಕ್ತದ ಮೂಲಕ ಮಾಂಸಖಂಡಗಳಿಗೆ ಒದಗಿಸಿ ದುಡಿಸಿಕೊಳ್ಳುವ ಶಕ್ತಿಯು, ಮೂವತ್ತರ ಆಚೆಗೆ ಹತ್ತು ವರ್ಷಗಳಿಗೊಮ್ಮೆ ಸರಿಸುಮಾರು ಹತ್ತನೆಯ ಒಂದು ಪಾಲಿನಂತೆ ಇಳಿಯುತ್ತ ಹೋಗುವುದು. ಬಿಡದೆ ವ್ಯಾಯಾಮ ಮಾಡುವವರಲ್ಲಿ ಈ ಇಳಿತವು ನಿಧಾನ. ನಿಲ್ಲುವುದು ಮಾತ್ರ ಇಲ್ಲ. ಹೃದಯವು ಗರಿಷ್ಠ ವೇಗದಲ್ಲಿ ಬಡಿಯಬಲ್ಲ ಸಂಖ್ಯೆಯೂ ವಯಸ್ಸಿನೊಡನೆ ಕಡಿಮೆಯಾಗುವುದು. ಮಾಂಸಖಂಡಗಳು ಕರಗುವುವು, ಅವುಗಳನ್ನು ಎಲುಬಿಗೆ ಬಿಗಿದಿರುವ ನರಹುರಿಗಳು ಬಿರುಸಾಗುವುವು. ಯುವಕರಿಗೆ ಒಂದು ವಾರದಲ್ಲಿ ಮಾಯುವ ಉಳುಕು ಅರವತ್ತರವರಿಗೆ ಒಂದು ತಿಂಗಳಾದರೂ ಮಾಯದಿರಬಹುದು. ಬೇಗನೆ ಸುಧಾರಿಸುವುದು ಉಸಿರು, ತಡವಾಗಿ ಸುಧಾರಿಸುವುದು ಕಾಲು. ಹಿರಿಯ ಓಟಗಾರರ ವಿಘ್ನಗಳಲ್ಲಿ ಮುಕ್ಕಾಲು ಪಾಲು ಈ ವ್ಯತ್ಯಾಸದಿಂದಲೇ ಹುಟ್ಟುವುವೆನ್ನಬಹುದು. ಎರಡು ತಿಂಗಳ ಅಭ್ಯಾಸದಿಂದ ಏದುಸಿರು ನಿಂತಿತೆಂದು ಹಿಗ್ಗಿ ದೂರವನ್ನು ಇಮ್ಮಡಿಸುವರು. ಹಿಮ್ಮಡಿಯ ಹುರಿಯು ಇನ್ನೂ ಸಿದ್ಧವಾಗಿರುವುದಿಲ್ಲ. ವಾರಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ದೂರವನ್ನು ಏರಿಸಬಾರದೆಂದು ಅನುಭವಿಗಳು ಹೇಳುವುದು ಇದಕ್ಕಾಗಿಯೇ.

ಹೃದಯದ ಭಯವು ಎಲ್ಲಕ್ಕಿಂತ ದೊಡ್ಡದು. ೨೦೨೧ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರರು ೪೬ರ ಪ್ರಾಯದಲ್ಲಿ ಹಠಾತ್ತನೆ ಅಗಲಿದಾಗ, ನಾಡಿನ ಮನೆಮನೆಯಲ್ಲಿಯೂ ವ್ಯಾಯಾಮವೇ ಅಪಾಯವೋ ಎಂಬ ಶಂಕೆ ತಲೆಯೆತ್ತಿತು. ಹೃದಯಪರೀಕ್ಷೆಗೆಂದು ಜನ ಆಸ್ಪತ್ರೆಗಳಿಗೆ ಮುಗಿಬಿದ್ದರು. ಈ ವಿಷಯದಲ್ಲಿ ಎರಡು ಸಂಗತಿಗಳನ್ನು ತಿಳಿದಿರಬೇಕು. ಅಮೆರಿಕದಲ್ಲಿ ೨೦೦೦ದಿಂದ ೨೦೧೦ರವರೆಗೆ ಪೂರ್ಣ ಮತ್ತು ಅರ್ಧ ಮ್ಯಾರಥಾನ್‌ಗಳಲ್ಲಿ ಓಡಿದ ಒಂದು ಕೋಟಿ ಒಂಬತ್ತು ಲಕ್ಷ ಜನರ ಲೆಕ್ಕವನ್ನು ವೈದ್ಯರು ತೆಗೆದು ೨೦೧೨ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೃದಯಸ್ತಂಭನವಾದವರು ೫೯ ಮಂದಿ. ಎಂದರೆ ಎರಡು ಲಕ್ಷಕ್ಕೆ ಒಬ್ಬರ ಆಸುಪಾಸು. ಇದು ಮೊದಲನೆಯದು. ಎರಡನೆಯದು, ಅಮೆರಿಕದ ಕ್ಲಾರೆನ್ಸ್ ಡಿಮಾರ್ ಎಂಬವರ ಕಥೆ. ಅವರ ಹೃದಯದಲ್ಲಿ ಮರ್ಮರಧ್ವನಿಯಿದೆ, ಓಡಬಾರದೆಂದು ವೈದ್ಯರು ಎಚ್ಚರಿಸಿದ್ದರು. ಆದರೂ ಅವರು ಬಾಸ್ಟನ್ ಮ್ಯಾರಥಾನನ್ನು ಏಳು ಸಲ ಗೆದ್ದರು. ಕೊನೆಯದನ್ನು ೧೯೩೦ರಲ್ಲಿ, ೪೧ರ ವಯಸ್ಸಿನಲ್ಲಿ. ೧೯೫೮ರಲ್ಲಿ ಅವರು ಬೇರೆ ರೋಗದಿಂದ ತೀರಿಕೊಂಡಾಗ ಶವಪರೀಕ್ಷೆ ನಡೆಸಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯರಿಗಿಂತ ಎರಡು ಮೂರರಷ್ಟು ಅಗಲವಾಗಿದ್ದುದು ಕಂಡುಬಂದಿತು.

ಇದನ್ನು ಓದಿ ಯಾರೂ ವೈದ್ಯರ ಮಾತನ್ನು ಕಡೆಗಣಿಸತಕ್ಕದ್ದಲ್ಲ. ಡಿಮಾರರ ಕಾಲದಲ್ಲಿ ವೈದ್ಯರ ಬಳಿ ಇದ್ದುದು ಕಿವಿಗೆ ಹಚ್ಚುವ ನಳಿಕೆಯೊಂದೇ ಎನ್ನಬಹುದು. ಇಂದು ಹೃದಯವನ್ನು ಓಡಿಸಿ ನೋಡುವ ಯಂತ್ರಗಳು ಜಿಲ್ಲೆಯ ಮುಖ್ಯಪಟ್ಟಣಗಳಲ್ಲಿಯೇ ಇವೆ. ಸಕ್ಕರೆಯ ರೋಗವುಳ್ಳವರು, ರಕ್ತದ ಒತ್ತಡವುಳ್ಳವರು, ತಂದೆ ಅಥವಾ ಅಣ್ಣತಮ್ಮಂದಿರು ಹೃದ್ರೋಗದಿಂದ ಅಕಾಲದಲ್ಲಿ ತೀರಿಕೊಂಡವರು, ಬಹುಕಾಲ ಬೀಡಿ ಸಿಗರೇಟು ಸೇದಿದವರು ಪರೀಕ್ಷೆಯಿಲ್ಲದೆ ಓಟಕ್ಕೆ ಇಳಿಯಲೇಬಾರದು. ಓಡುವಾಗ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ, ಗ್ಯಾಸೆಂದು ತಳ್ಳಿಹಾಕದೆ ನಿಲ್ಲಬೇಕು. ನಿಂತಲ್ಲಿಂದ ಮನೆಗಲ್ಲ, ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ಸೀಮೆಗೆ ಹೊಂದುವ ವರ್ಷದ ಕ್ರಮವನ್ನು ಯೋಚಿಸೋಣ. ಬೆಂಗಳೂರಿನ ಹತ್ತು ಕಿಲೋಮೀಟರಿನ ಪ್ರಸಿದ್ಧ ಪಂದ್ಯವು ೨೦೦೮ರಲ್ಲಿ ಆರಂಭವಾಯಿತು. ಅಲ್ಲಿ ಹಿರಿಯ ನಾಗರಿಕರಿಗೆಂದೇ ಪ್ರತ್ಯೇಕವಾದ ಕಿರು ಓಟವೂ ಉಂಟು. ಅದು ನಡೆಯುವುದು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಬೆಂಗಳೂರಿಗೆ ಅದು ಸಹ್ಯವಾದ ಕಾಲ. ದಾವಣಗೆರೆಗೆ ಅದು ಬೆಂಕಿಯ ಕಾಲ. ಎಂದರೆ ಪಂದ್ಯಕ್ಕಾಗಿ ಹೆಚ್ಚು ದುಡಿಯಬೇಕಾದ ತಿಂಗಳುಗಳೇ ನಮ್ಮಲ್ಲಿ ಅತ್ಯಂತ ಸೆಕೆಯ ತಿಂಗಳುಗಳು. ಆದುದರಿಂದ ಬುನಾದಿಯನ್ನು ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ತಂಪಿನಲ್ಲಿಯೇ ಹಾಕಬೇಕು. ಮೊದಲು ನಡಿಗೆ, ಬಳಿಕ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ, ಕ್ರಮೇಣ ಓಟದ ಪಾಲು ಏರಬೇಕು. ಜೊತೆಯವರೊಡನೆ ಮಾತನಾಡುತ್ತ ಓಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಶಿವರಾತ್ರಿಯ ಹೊತ್ತಿಗೆ ಐದಾರು ಕಿಲೋಮೀಟರು ಆಯಾಸವಿಲ್ಲದೆ ಸಾಗುವಂತಾದರೆ, ಯುಗಾದಿಯ ಮೇಲೆ ಬಿಸಿಲಿನಲ್ಲಿ ದೂರವನ್ನು ಏರಿಸುವ ಗೋಜಿರುವುದಿಲ್ಲ. ಬೇಸಗೆಯಲ್ಲಿ ಸೂರ್ಯ ಮೂಡುವ ಮೊದಲೇ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು.

ಮಳೆಗಾಲವು ಬಿಡುವಿನ ಕಾಲ. ತುಂಗಭದ್ರೆಯು ಏರಿದ ವರ್ಷಗಳಲ್ಲಿ ಸಾರಥಿ, ಚಿಕ್ಕಬಿದರೆಗಳ ನಡುವಣ ರಸ್ತೆಯೇ ನೀರಿನಡಿಯಾಗುವುದುಂಟು. ರಸ್ತೆಗೇ ರಜವಾದಾಗ ಕಾಲಿಗೂ ರಜ ಸಲ್ಲತಕ್ಕದ್ದೇ. ಆ ದಿನಗಳಲ್ಲಿ ಮನೆಯೊಳಗೆ ಬಸ್ಕಿ ಹೊಡೆಯುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಏರಿಸಿ ಇಳಿಸುವುದು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಇವುಗಳಿಂದ ಕರಗುವ ಮಾಂಸಖಂಡಗಳನ್ನು ಉಳಿಸಿಕೊಳ್ಳಬಹುದು. ನಮ್ಮ ಗರಡಿಮನೆಯ ಹಿರಿಯರು ಬಸ್ಕಿಯ ಬೆಲೆಯನ್ನು ಯಾವ ವಿಜ್ಞಾನಿಯೂ ಹೇಳುವ ಮೊದಲೇ ಅರಿತಿದ್ದರು. ಆಹಾರದ ವಿಷಯದಲ್ಲಿಯೂ ವಿಶೇಷವೇನಿಲ್ಲ. ಫೌಜಾ ಸಿಂಗರು ಉಂಡುದು ರೊಟ್ಟಿ, ಬೇಳೆ, ಸೊಪ್ಪು ತರಕಾರಿ, ಮೊಸರು, ಹಾಲು. ನಮ್ಮ ಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆಗಳು ಅದಕ್ಕೆ ಯಾವುದರಲ್ಲಿ ಕಡಿಮೆ? ದಾವಣಗೆರೆಯ ಬೆಣ್ಣೆದೋಸೆಯನ್ನು ಮಾತ್ರ ಓಡಿದೆವೆಂಬ ನೆಪದಲ್ಲಿ ದಿನವೂ ತಿನ್ನದೆ, ಹಬ್ಬಕ್ಕೆ ಮೀಸಲಿಡುವುದು ಒಳ್ಳೆಯದು.

ಗುರಿಯನ್ನು ಇಟ್ಟುಕೊಳ್ಳುವ ಬಗೆಯಲ್ಲಿಯೂ ವಿವೇಕ ಬೇಕು. ಗಡಿಯಾರದ ಗುರಿಯೊಂದನ್ನೇ ನಂಬಿದವರು ಒಂದು ದಿನದ ಬಿಸಿಲಿಗೆ, ಒಂದು ನೆಗಡಿಗೆ ವರ್ಷವನ್ನೇ ಕಳೆದುಕೊಳ್ಳುವರು. ಮೂರು ಗುರಿಗಳಿರಲಿ. ಎಲ್ಲವೂ ಕೂಡಿಬಂದರೆ ಇಷ್ಟು ಹೊತ್ತಿನಲ್ಲಿ ಮುಗಿಸುವೆ ಎಂಬುದು ಒಂದು. ಕೂಡಿಬಾರದಿದ್ದರೆ ನಡೆದಾದರೂ ಮುಗಿಸುವೆ ಎಂಬುದು ಎರಡು. ಅದೂ ಆಗದಿದ್ದರೆ, ಮರುದಿನ ಬೆಳಗ್ಗೆ ನೋವಿಲ್ಲದೆ ಏಳುವಂತೆ ನಡುವೆಯೇ ನಿಲ್ಲುವೆ ಎಂಬುದು ಮೂರು. ಮೂರನೆಯದು ಸೋಲಲ್ಲ. ನ್ಯೂಯಾರ್ಕಿನಲ್ಲಿ ಫೌಜಾ ಸಿಂಗರು ಎರಡನೆಯ ಗುರಿಯನ್ನು ಮುಟ್ಟಿದರು. ಮೊಳಕಾಲು ಕೆಟ್ಟ ವರ್ಷ ವಿಟ್ಲಾಕರು ಮೂರನೆಯದಕ್ಕೆ ಒಪ್ಪಿಕೊಂಡು ಕಾದರು. ಇಬ್ಬರೂ ಮುಂದೆ ಮತ್ತೆ ಓಡಿದರು. ಹಟಕ್ಕೂ ಧೈರ್ಯಕ್ಕೂ ಇರುವ ಭೇದ ಇದೇ: ಹಟವು ಇಂದಿನ ದಿನವನ್ನು ಮಾತ್ರ ನೋಡುವುದು, ಧೈರ್ಯವು ಮುಂದಿನ ವರ್ಷವನ್ನೂ ನೋಡುವುದು.

ಅಡ್ಡಿಯು ಬಂದಾಗ ಮನಸ್ಸಿಗೆ ಆಗುವ ನೋವೇ ಕಾಲಿನ ನೋವಿಗಿಂತ ಹೆಚ್ಚು. ನೌಕರಿಯಿಂದ ನಿವೃತ್ತರಾದವರಿಗೆ, ಮಕ್ಕಳು ಬೇರೆ ಊರು ಸೇರಿದವರಿಗೆ, ಸಂಗಾತಿಯನ್ನು ಕಳೆದುಕೊಂಡವರಿಗೆ ಬೆಳಗಿನ ಓಟವು ದಿನಕ್ಕೊಂದು ಆಕಾರ ಕೊಡುವ ಕೆಲಸವಾಗಿರುವುದು. ಅದು ನಿಂತಾಗ ತಮ್ಮ ಉಪಯೋಗವೇ ತೀರಿತೆಂಬ ಭಾವ ಬರುವುದು. ಇಲ್ಲಿಯೇ ಮನೆಯವರ ಪಾತ್ರವಿದೆ. “ನಾವು ಮೊದಲೇ ಹೇಳಿರಲಿಲ್ಲವೇ?” ಎಂಬ ಮಾತು ಸುಲಭ, ಆದರೆ ಅದರಿಂದ ಆಗುವ ಹಾನಿ ದೊಡ್ಡದು. ಆ ಮಾತಿಗೆ ಅಂಜಿ ಹಿರಿಯರು ನೋವನ್ನು ಮುಚ್ಚಿಡುವರು, ಮುಚ್ಚಿಟ್ಟುಕೊಂಡೇ ಓಡುವರು. ಅದಕ್ಕೆ ಬದಲಾಗಿ, “ಅಪ್ಪಾಜಿ, ಇವತ್ತು ಕಾಲು ಹೇಗಿದೆ?” ಎಂದು ದಿನಕ್ಕೊಮ್ಮೆ ಕೇಳುವ ಮಗನಿರುವ ಮನೆಯಲ್ಲಿ ನೋವು ಬೇಗನೆ ಹೊರಗೆ ಬರುವುದು, ಬೇಗನೆ ವಾಸಿಯೂ ಆಗುವುದು. ತಂದೆಯ ಜೊತೆಗೆ ವಾರಕ್ಕೊಂದು ದಿನವಾದರೂ ಕೆರೆಯ ಏರಿಯ ಮೇಲೆ ಸೊಸೆಯೋ ಮೊಮ್ಮಗಳೋ ಹೆಜ್ಜೆಹಾಕಿದರೆ, ಇಬ್ಬರಿಗೂ ಅದರಿಂದ ಲಾಭವೇ.

ಕೊನೆಯದಾಗಿ ರಸ್ತೆಯ ಮಾತನ್ನು ಹೇಳದೆ ಇರಲಾರೆವು. ವಿಟ್ಲಾಕರು ೨೦೧೬ರ ಅಕ್ಟೋಬರಿನಲ್ಲಿ, ೮೫ರ ವಯಸ್ಸಿನಲ್ಲಿ, ೩ ಗಂಟೆ ೫೬ ನಿಮಿಷಗಳಲ್ಲಿ ಮ್ಯಾರಥಾನ್ ಓಡಿ, ಐದು ತಿಂಗಳ ಮೇಲೆ ರೋಗದಿಂದ ಮೃತರಾದರು. ಫೌಜಾ ಸಿಂಗರನ್ನು ಕೊಂದುದು ರೋಗವೂ ಅಲ್ಲ, ಮುಪ್ಪೂ ಅಲ್ಲ, ಓಟವೂ ಅಲ್ಲ. ೨೦೨೫ರ ಜುಲೈ ೧೪ರಂದು, ನೂರಹದಿನಾಲ್ಕನೆಯ ವಯಸ್ಸಿನಲ್ಲಿ, ತಮ್ಮ ಹಳ್ಳಿಯ ಬಳಿ ರಸ್ತೆಯಲ್ಲಿ ನಡೆಯುತ್ತಿದ್ದಾಗ ಕಾರೊಂದು ಅವರಿಗೆ ಬಡಿಯಿತು; ಚಾಲಕನು ನಿಲ್ಲದೆ ಹೊರಟುಹೋದನು. ನೂರು ವರ್ಷ ಕಾಲ ದೇಹವನ್ನು ಕಾಪಾಡಿಕೊಂಡವರನ್ನು ನಮ್ಮ ರಸ್ತೆಯು ಕಾಪಾಡಲಿಲ್ಲ. ದಾವಣಗೆರೆ ಹರಿಹರಗಳ ನಡುವಣ ಹೆದ್ದಾರಿಯು ವಾಹನಗಳಿಗಾಗಿ ಇರುವುದು. ಅಲ್ಲಿ ಯಾರೂ ಓಡತಕ್ಕದ್ದಲ್ಲ. ಕೆರೆಯ ಏರಿ, ಕ್ರೀಡಾಂಗಣ, ಶಾಲೆಯ ಬಯಲು, ಭದ್ರಾ ಕಾಲುವೆಯ ಪಕ್ಕದ ದಾರಿ ಇವು ನಮಗೆ ಸಾಕು. ಕತ್ತಲೆಯಲ್ಲಿ ಹೊರಡುವವರು ಬಿಳಿಯ ಬಟ್ಟೆ ತೊಟ್ಟು, ವಾಹನಗಳು ಎದುರಿಗೆ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಗಬೇಕು. ಊರೂರಿನ ಪುರಸಭೆ ಪಂಚಾಯತಿಗಳು ಒಂದು ಕಿಲೋಮೀಟರಿನಷ್ಟಾದರೂ ದೀಪವುಳ್ಳ, ವಾಹನವಿಲ್ಲದ ಕಾಲುದಾರಿಯನ್ನು ಮಾಡಿಸಿಕೊಟ್ಟರೆ, ಹಿರಿಯರಿಗೆ ಅದಕ್ಕಿಂತ ದೊಡ್ಡ ಔಷಧಾಲಯ ಬೇಕಿಲ್ಲ.

ಎಲ್ಲ ಮುದುಕರೂ ಓಡಬೇಕೆಂದು ನಾವು ಹೇಳುವುದಿಲ್ಲ. ನಡೆದರೂ ಸಾಕು, ತೋಟದಲ್ಲಿ ಗುದ್ದಲಿ ಹಿಡಿದರೂ ಸಾಕು. ಆದರೆ ನಮ್ಮ ಮನೆಯ ಹಿರಿಯರೊಬ್ಬರು ಮುಂದಿನ ಬೇಸಗೆಗೆ ಒಂದು ಸಂಕಲ್ಪವನ್ನು ಮಾಡಿಕೊಂಡು, ವೈದ್ಯರಿಗೆ ತೋರಿಸಿಕೊಂಡು, ಹಳೆಯ ಕ್ಯಾನ್ವಾಸು ಬೂಟುಗಳನ್ನು ಹುಡುಕತೊಡಗಿದರೆ, ನಗದೆ ಹುಡುಕಿಕೊಡೋಣ.